ಲೋಡ್ ಬಿದ್ದಾಗ ಮಾತ್ರ ಫ್ಯೂಯಲ್ ಟ್ರಿಮ್ +21ಕ್ಕೆ ಏರ್ತದ, ಎಲ್ಲಿಂದ ಹುಡುಕಬೇಕು?

ಗುಮ್ಮಟ_ಗಾಡಿ (ವಿಜಯಪುರ)

2012ರ ಮಾಡೆಲ್, 1 ಲೀಟರ್ ಮೂರು ಸಿಲಿಂಡರ್ ಪೆಟ್ರೋಲ್, ಓಡಿದ್ದು 1.86 ಲಕ್ಷ ಕಿ.ಮೀ. ಮ್ಯಾಪ್ ಸೆನ್ಸರ್ (ಇಂಟೇಕ್ ಒಳಗಿನ ಒತ್ತಡ ಅಳೆಯುವುದು) ಇದೆ, ಏರ್‌ಫ್ಲೋ ಮೀಟರ್ (ಒಳಬರುವ ಗಾಳಿಯ ಪ್ರಮಾಣ ಅಳೆಯುವುದು) ಇಲ್ಲ. ಕೋಡ್ ಪಿ0171, ಅಂದರೆ ಮಿಶ್ರಣ ಲೀನ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ). ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಶಾರ್ಟ್ (ಆ ಕ್ಷಣದ) ಮತ್ತು ಲಾಂಗ್ (ಕಲಿತು ಉಳಿಸಿಕೊಂಡ) ಫ್ಯೂಯಲ್ ಟ್ರಿಮ್, ಅಂದರೆ ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಅನ್ನು ಹೆಚ್ಚು ಕಡಿಮೆ ಮಾಡುವ ಶೇಕಡಾ ಪ್ರಮಾಣ, ಕೂಡಿಸಿದರೆ ಐಡಲ್‌ನಲ್ಲಿ +4, ನಿಂತಲ್ಲೇ 2500 ಆರ್‌ಪಿಎಂಗೆ +9, ಸೊಲ್ಲಾಪುರ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ಒತ್ತಿದರೆ +21. ಪ್ಲಗ್, ಏರ್ ಫಿಲ್ಟರ್ ಹೊಸವು. ಆಕ್ಸಿಜನ್ ಸೆನ್ಸರ್ ಬದಲಿಸಿ ಅನ್ನುವ ಸಲಹೆ ಬಂದಿದೆ. ಬದಲಿಸಬೇಕಾ?

ಕುಂದಾನಗರಿ_ಸ್ಪ್ಯಾನರ್ (ಬೆಳಗಾವಿ)

ಈಗಲೇ ಸೆನ್ಸರ್‌ಗೆ ರೊಕ್ಕ ಹಾಕಬ್ಯಾಡ್ರಿ. ನಿಮ್ಮ ಮೂರು ಅಂಕಿನ ದಾರಿ ತೋರಸ್ತಾವ. ಸೈಲೆನ್ಸರ್ ಮ್ಯಾನಿಫೋಲ್ಡ್ ಲೀಕ್ ಇದ್ರ ಐಡಲ್‌ನಾಗ ಟ್ರಿಮ್ ಹೆಚ್ಚಿರ್ತದ, ಲೋಡ್‌ನಾಗ ಇಳೀತದ. ನಿಮ್ಮದು ಉಲ್ಟಾ ಐತಿ. ಇನ್ನ ವ್ಯಾಕ್ಯೂಮ್ ಲೀಕ್ (ಥ್ರಾಟಲ್ ಬಿಟ್ಟು ಬ್ಯಾರೆ ತೂತಿನಿಂದ ಗಾಳಿ ನುಗ್ಗೂದು) ಅಂದ್ರ, ಮ್ಯಾಪ್ ಇರೋ ಎಂಜಿನ್‌ನಾಗ ಒಳಗ ಬಂದ ಗಾಳಿನೂ ಒತ್ತಡ ಏರಸ್ತದ, ಇಸಿಯು ಅದಕ್ಕ ತಕ್ಕಂಗ ಪೆಟ್ರೋಲ್ ಕೊಡ್ತದ. ಹಿಂಗಾಗಿ ಐಡಲ್ ಆರ್‌ಪಿಎಂ ಏರ್ತದ, ಟ್ರಿಮ್ ಅಷ್ಟು ಏರೂದಿಲ್ಲ. ಏರ್‌ಫ್ಲೋ ಮೀಟರ್ ಗಾಡಿ ಲೆಕ್ಕಾನ ಇಲ್ಲಿ ಹಚ್ಚಿ ಮೋಸ ಹೋಗೋರು ಭಾಳ.

ಖಾತ್ರಿ ಮಾಡ್ಕೊಳ್ಳಾಕ ಖಾಲಿ ರಸ್ತೆ ನೋಡಿ ಮೂರನೇ ಗೇರ್‌ನಾಗ 2500ರಿಂದ ಪೂರ್ತಿ ಆಕ್ಸಿಲರೇಟರ್ ಕೊಡ್ರಿ. ಸ್ಕ್ಯಾನರ್ ಬಾಜೂಕ ಕುಂತವರು ನೋಡಬೇಕು, ಓಡಸೋರಲ್ಲ. ಮುಂದಿನ ಆಕ್ಸಿಜನ್ ಸೆನ್ಸರ್ 0.8 ವೋಲ್ಟ್ ಮ್ಯಾಲೆ ನಿಂತ್ರ ಪೆಟ್ರೋಲ್ ಸಾಕಾಗ್ತದ. 0.2ಕ್ಕಿಂತ ಕೆಳಗ ಬಿದ್ರ ಖರೇನ ಲೀನ್. ಥ್ರಾಟಲ್ ಬಾಯಿಗೆ ಒಂದಿಷ್ಟು ಕಾರ್ಬ್ ಕ್ಲೀನರ್ ಹೊಡದಾಗ ಅದು ಟಕ್ಕನ 0.8 ದಾಟಿದ್ರ ಸೆನ್ಸರ್ ಜೀವಂತ ಐತಿ, ಮುಟ್ಟಬ್ಯಾಡ್ರಿ.

ಘಟಪ್ರಭಾ_ದಂಡೆ (ಬಾಗಲಕೋಟೆ)

ಅದಕ್ಕೂ ಮೊದಲು ಎರಡು ನಿಮಿಷದ ಕೆಲಸ: ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಮ್ಯಾಪ್ ಓದಿ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಹಾಗಾಗಿ 94 ಕಿಲೋಪಾಸ್ಕಲ್ ಆಸುಪಾಸು ಬರಬೇಕು. 101 ಬರಲಿಲ್ಲ ಅಂತ ಗಾಬರಿ ಬೇಡ. 88 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಆದರೆ ಆ ತಪ್ಪು ಐಡಲ್‌ನಲ್ಲೇ ಹೆಚ್ಚು ಕಾಣಬೇಕು, ಆದ್ದರಿಂದ ನನಗೆ ಅದರ ಮೇಲೆ ಅನುಮಾನ ಕಡಿಮೆ.

ಮುಂದೆ ಫ್ಯೂಯಲ್ ಪ್ರೆಶರ್. ಪಂಪ್ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ ಒತ್ತಡ ಇಳಿಸಿ, ಗೇಜ್ ಕೂಡಿಸಿ, ಫ್ಯೂಸ್ ಮತ್ತೆ ಹಾಕಿ, ಉದ್ದ ಪೈಪಿನಿಂದ ಗೇಜ್ ಅನ್ನು ಗಾಜಿನ ಹೊರಗೆ ಟೇಪ್ ಮಾಡಿ ರಸ್ತೆಗಿಳಿಯಿರಿ. ಈ ತರಹದ ಎಂಜಿನ್‌ನಲ್ಲಿ ಸುಮಾರು 3 ಬಾರ್, ಲೋಡ್‌ನಲ್ಲೂ ಅಲ್ಲೇ ನಿಲ್ಲಬೇಕು. ನಿಂತಲ್ಲಿ ಮಾತ್ರ ಅಳೆದರೆ ಪ್ರಯೋಜನವಿಲ್ಲ. ಒತ್ತಡ ಸರಿ ಇದ್ದರೆ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ನಳಿಕೆ) ಕಟ್ಟಿಕೊಂಡಿರಬಹುದು, ಬೆಂಚ್ ಮೇಲೆ ಮೂರರ ಹರಿವನ್ನೂ ಹೋಲಿಸಿ.

ಗುಮ್ಮಟ_ಗಾಡಿ

ಮ್ಯಾಪ್ 94. ಪೂರ್ತಿ ಒತ್ತಿದಾಗ ಆಕ್ಸಿಜನ್ ಸೆನ್ಸರ್ 0.15. ಪ್ರೆಶರ್ ಐಡಲ್‌ನಲ್ಲಿ 2.9, ಲೋಡ್‌ನಲ್ಲಿ 2.1. ಪಂಪ್ ಬದಲಿಸಲಾ?

ಘಟಪ್ರಭಾ_ದಂಡೆ

ಲೆಕ್ಕ ಕೂಡುತ್ತದೆ. ಇಂಜೆಕ್ಟರ್ ಹರಿವು ಒತ್ತಡದ ವರ್ಗಮೂಲದ ಹಾಗೆ ಬದಲಾಗುತ್ತದೆ. 2.9ರಿಂದ 2.1ಕ್ಕೆ ಇಳಿದರೆ ಸುಮಾರು ಶೇ 15 ಪೆಟ್ರೋಲ್ ಕಡಿಮೆ, ಅದನ್ನು ತುಂಬಲು +17 ಬೇಕು. ಐಡಲ್‌ನ +4 ಸೇರಿದರೆ ನಿಮ್ಮ 21.

ಪಂಪ್ ಬಿಚ್ಚುವ ಮುನ್ನ ಅದಕ್ಕೆ ವೋಲ್ಟೇಜ್ ಎಷ್ಟು ತಲುಪುತ್ತಿದೆ ನೋಡಿ. ಪಂಪ್ ಓಡುತ್ತಿರುವಾಗಲೇ, ಕನೆಕ್ಟರ್ ಕೂಡಿಸಿಟ್ಟೇ ಹಿಂದಿನಿಂದ ಸೂಜಿ ಚುಚ್ಚಿ ಅಳೆಯಿರಿ: ಬ್ಯಾಟರಿ ಪಾಸಿಟಿವ್‌ನಿಂದ ಪಂಪ್ ಪಾಸಿಟಿವ್‌ಗೆ, ಆಮೇಲೆ ಪಂಪ್ ಅರ್ಥ್‌ನಿಂದ ಬ್ಯಾಟರಿ ನೆಗೆಟಿವ್‌ಗೆ. ಪ್ರತಿ ಕಡೆ 0.5 ವೋಲ್ಟ್‌ಗಿಂತ ಹೆಚ್ಚು ಕಳೆಯಬಾರದು. ಹಳೆ ಗಾಡಿಗಳಲ್ಲಿ ರಿಲೇ ಪಾಯಿಂಟ್ ಸುಟ್ಟು, ಕನೆಕ್ಟರ್ ಪಿನ್ ಕಪ್ಪಾಗಿ 2 ವೋಲ್ಟ್ ಅಲ್ಲೇ ಮಾಯವಾಗುತ್ತದೆ. ಹೊಸ ಪಂಪ್ ಹಾಕಿದರೂ ತೊಂದರೆ ಹಾಗೇ ಉಳಿಯುತ್ತದೆ.

ಕುಂದಾನಗರಿ_ಸ್ಪ್ಯಾನರ್

ವೋಲ್ಟೇಜ್ ಸರಿ ಇದ್ರ ಟ್ಯಾಂಕಿನ ಒಳಗಿನ ಜಾಳಿಗಿ, ಫಿಲ್ಟರ್, ಪಂಪ್, ಇದೇ ಕ್ರಮದಾಗ ನೋಡ್ರಿ. ಟ್ಯಾಂಕ್ ತೆಗೆಯೋ ಜಾಗಾದಾಗ ಗಾಳಿ ಆಡಬೇಕು, ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗಬೇಕು. ರಿಪೇರಿ ಆದ ಮ್ಯಾಲೆ ಲಾಂಗ್ ಟ್ರಿಮ್ ಅಳಿಸಿ, 50 ಕಿ.ಮೀ. ಓಡಿಸಿ ಮತ್ತ ಮೂರೂ ಕಡೆ ಓದ್ರಿ. ಎಲ್ಲಾ ಕಡೆ ಒಂದೇ ಸಮ +4, +5 ಉಳದ್ರ ಅದು ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್‌ದು. ಎಥನಾಲ್ ಇದ್ದ ಪೆಟ್ರೋಲ್ ಸ್ವಲ್ಪ ಜಾಸ್ತಿನ ಬೇಕಾಗ್ತದ, ಇಸಿಯು ಅದನ್ನ ಸರಿದೂಗಸ್ತದ. ಅದಕ್ಕ ಏನೂ ಬಿಚ್ಚಬೇಕಾಗಿಲ್ಲ.