ಕಾಮಿಕ್ಸಿನ ಪಾತ್ರಗಳು ಯಾವ ಕನ್ನಡ ಮಾತಾಡಬೇಕು?

ಸೇಡಂ ತಾಲೂಕಿನ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಕಳೆದ ಎರಡು ತಿಂಗಳಲ್ಲಿ ಎರಡು ಪುಸ್ತಕಗಳನ್ನು ಒಂದರ ಬೆನ್ನಿಗೆ ಒಂದು ಓದಿದೆ. ಮೊದಲನೆಯದು ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿ, ಎರಡನೆಯದು ಅಮರ ಚಿತ್ರಕಥೆ ಮಾಲೆಯಲ್ಲಿ ಬಸವೇಶ್ವರರ ಕುರಿತು ಬಂದಿರುವ ಕಾಮಿಕ್ಸ್. ಎರಡನ್ನೂ ಒಟ್ಟಿಗೆ ಓದಿದ್ದರಿಂದಲೇ ನನ್ನಲ್ಲಿ ಈ ಪ್ರಶ್ನೆ ಹುಟ್ಟಿದೆ.

‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಿಮಗೆಲ್ಲ ಗೊತ್ತಿದೆ. ಕಾಲೇಜಿನ ದಿನಗಳಲ್ಲಿ ಅದನ್ನು ಅವಸರದಲ್ಲಿ ಮುಗಿಸಿದ್ದೆ. ಈ ಸಲ ಸಂಜೆ ಹೊತ್ತು ಗಟ್ಟಿಯಾಗಿ ಓದುತ್ತಿದ್ದಾಗ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮವ್ವ ಮೊರ ಕೆಳಗಿಟ್ಟು, “ಇದು ನಮ್ ಓಣ್ಯಾಗಿನ ಮಾತೇ ಅದಲ್ಲೋ” ಎಂದಳು. ಅಕ್ಷರ ಓದಲು ಬಾರದ ಆಕೆ ಅಂದಿನಿಂದ ದಿನವೂ ಮುಂದಿನ ಭಾಗವನ್ನು ಕೇಳತೊಡಗಿದಳು. ದುಡಿದು ತಿನ್ನುವ ಜನರ ಹಸಿವು, ಜಗಳ, ಅವಮಾನಗಳು ಅವರದೇ ಮಾತಿನಲ್ಲಿ ಬಂದಾಗ ಎಂಥ ಬಲ ಬರುತ್ತದೆ ಎಂಬುದನ್ನು ನಾನು ಆಗ ಕಂಡೆ.

ಕಾಮಿಕ್ಸ್ ನನಗೆ ಸಿಕ್ಕಿದ್ದು ಇಂಗ್ಲಿಷ್ ಪ್ರತಿ. ಐದನೇ ತರಗತಿಯ ಮಕ್ಕಳಿಗಾಗಿ ಮಾತಿನ ಗುಳ್ಳೆಗಳ ಮೇಲೆ ಕನ್ನಡದಲ್ಲಿ ಬರೆದ ಚೀಟಿಗಳನ್ನು ಅಂಟಿಸಿದೆ. ಎರಡನೇ ಪುಟದ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಇವ್ರ್ಯಾಕ ಟಿವಿಯವ್ರಂಗ ಮಾತಾಡ್ಲತ್ತಾರ?” ಎಂದು ಕೇಳಿದಳು. ಕಥೆ ನಡೆಯುವುದು ನಮ್ಮ ನೆರೆಯ ಕಲ್ಯಾಣದಲ್ಲಿ, ಆದರೆ ಬೀದಿಯಲ್ಲಿ ನಿಂತವರ ಬಾಯಿಗೆ ನಾನು ಹಾಕಿದ್ದು ಪಠ್ಯಪುಸ್ತಕದ ಕನ್ನಡ. ಚೀಟಿಗಳನ್ನು ಮತ್ತೆ ಬರೆಯಬೇಕೆ? ಮಕ್ಕಳ ಕಾಮಿಕ್ಸಿನಲ್ಲಿ ನಮ್ಮ ಭಾಗದ ಮಾತು ಬರಬಹುದೆ? ಇತ್ತೀಚೆಗೆ ನೀವು ಓದಿದ ಪುಸ್ತಕಗಳನ್ನು ನೆನೆದು ನಿಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಬೀದರಿನ ನಿವೃತ್ತ ಗ್ರಂಥಪಾಲಕಿ

ಗುರುಗಳೇ, ನಿಮ್ಮ ತಾಯಿಯವರ ಮಾತನ್ನು ಓದಿ ಮನಸ್ಸು ತುಂಬಿ ಬಂತು. ಆದರೂ ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯಾಗಿದೆ.

ಈಚೆಗೆ ಮೊಮ್ಮಗನಿಗೆಂದು ಹಳೆಯ ‘ಚಂದಮಾಮ’ದ ಕಟ್ಟುಗಳನ್ನು ಬಿಚ್ಚಿ ಮತ್ತೆ ಓದಿದೆ. 1947ರಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಹೊರಟ ಆ ಪತ್ರಿಕೆ ಆಮೇಲೆ ಕನ್ನಡಕ್ಕೂ ಬಂತು. ವಿಕ್ರಮನ ಹೆಗಲ ಮೇಲೆ ಬೇತಾಳ ಜೋತುಬಿದ್ದಿರುವ ಶಂಕರ್ ಅವರ ಚಿತ್ರವನ್ನು ಮೊಮ್ಮಗ ಎಷ್ಟು ಹೊತ್ತು ನೋಡಿದನೆಂದರೆ, ಕಥೆ ಓದಲು ನಾನು ಕಾಯಬೇಕಾಯಿತು. ಅದರ ಕನ್ನಡ ಯಾವ ಜಿಲ್ಲೆಯದೂ ಅಲ್ಲ. ತಿಳಿಯಾದ, ಚಿಕ್ಕ ವಾಕ್ಯಗಳ ಕನ್ನಡ. ನಾನು ಗ್ರಂಥಾಲಯದಲ್ಲಿ ಇದ್ದಷ್ಟು ಕಾಲ ಔರಾದ, ಭಾಲ್ಕಿ ಕಡೆಯ ಮಕ್ಕಳು ಬರುತ್ತಿದ್ದರು. ಕೆಲವರ ಮನೆಮಾತು ಮರಾಠಿ, ಕೆಲವರದು ಉರ್ದು, ಇನ್ನು ಕೆಲವರದು ತೆಲುಗು. ಅವರಿಗೆ ಕನ್ನಡವೆಂದರೆ ಪುಸ್ತಕದಲ್ಲಿ ಸಿಕ್ಕ ಕನ್ನಡವೇ ಆಗಿತ್ತು. ಸೇಡಂ ಮಾತಿನಲ್ಲಿ ಬರೆದ ಗುಳ್ಳೆ ಆ ಮಕ್ಕಳಿಗೆ ಇನ್ನೊಂದು ಹೊಸ ಭಾಷೆಯಂತೆ ಕಂಡೀತು. “ನಮ್ಮ ಮಾತು” ಎನ್ನುವಾಗ ಯಾರನ್ನು ಒಳಗೆ ಕರೆದುಕೊಂಡಿದ್ದೇವೆ, ಯಾರನ್ನು ಹೊರಗೆ ಬಿಟ್ಟಿದ್ದೇವೆ ಎಂಬುದನ್ನು ಯೋಚಿಸಬೇಕೆಂದು ವಿನಂತಿಸುತ್ತೇನೆ.

ಕಲಬುರಗಿಯ ಡಿ.ಟಿ.ಪಿ. ಕೆಲಸದವ

ಸರ್, ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಹದಿನಾರು ವರ್ಷಗಳಿಂದ ಲಗ್ನಪತ್ರಿಕೆ, ಕರಪತ್ರ, ಪುಸ್ತಕಗಳ ಅಕ್ಷರ ಜೋಡಿಸುತ್ತಿದ್ದೇನೆ. ಆ ಅನುಭವದಿಂದ ಒಂದು ಮಾತು ಹೇಳುತ್ತೇನೆ.

ಇಂಗ್ಲಿಷಿಗೆ ಅಳೆದು ಬರೆದ ಗುಳ್ಳೆಯಲ್ಲಿ ಕನ್ನಡ ಹಿಡಿಯುವುದಿಲ್ಲ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಆದ್ದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಲೇಬೇಕು, ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಜಾಗ ಸಾಲದೆ ಅಕ್ಷರವನ್ನು ಸಣ್ಣದು ಮಾಡಿದರೆ ಮಕ್ಕಳ ಕಣ್ಣಿಗೆ ಕಷ್ಟ. ಗ್ರಾಂಥಿಕ ಕ್ರಿಯಾಪದಗಳು ಈ ತೊಂದರೆಯನ್ನು ಹೆಚ್ಚಿಸುತ್ತವೆ. “ಹೋಗುತ್ತಿದ್ದೇನೆ” ಎಂದು ಬರೆದರೆ ಐದು ಅಕ್ಷರ, ಎರಡು ಒತ್ತು. “ಹೊಂಟೀನಿ” ಎಂದರೆ ಮೂರೇ ಅಕ್ಷರ, ಒತ್ತೇ ಇಲ್ಲ. ನಮ್ಮ ಜನ ಬಾಯಲ್ಲಿ ಸವೆಸಿ ಸವೆಸಿ ಚಿಕ್ಕದು ಮಾಡಿದ ಮಾತು ಗುಳ್ಳೆಗೆ ಹೇಳಿ ಮಾಡಿಸಿದಂತಿದೆ. ಕಥೆ ಹೇಳುವ ಚೌಕದಲ್ಲಿ ಮಾತ್ರ ಮೇಡಂ ಅವರು ಹೇಳಿದಂಥ ತಿಳಿಗನ್ನಡ ಇರಲಿ, ಅಲ್ಲಿ ಜಾಗವೂ ಇರುತ್ತದೆ.

ಅಮರ ಚಿತ್ರಕಥೆ ಮಾಲೆಗೂ ಕನ್ನಡಕ್ಕೂ ಇರುವ ನಂಟು ಹಳೆಯದು. ಅನಂತ ಪೈ ಅವರ ಸಂಪಾದಕತ್ವದಲ್ಲಿ ಅದು ಇಂಗ್ಲಿಷಿನಲ್ಲಿ ಮೊದಲಾಗುವ ಮುನ್ನವೇ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಅದೇ ಹೆಸರಿನಲ್ಲಿ ಹೊರನಾಡಿನ ಮಕ್ಕಳ ಕಥೆಗಳು ಕನ್ನಡಕ್ಕೆ ಬಂದಿದ್ದವು.

ಸುರಪುರದ ಓದುಗ

ನಾನು ಇತ್ತೀಚೆಗೆ ಓದಿ ಮುಗಿಸಿದ್ದು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅವರ ಆತ್ಮಕಥೆಯನ್ನು. ಟೇಲರ್ ಸುರಪುರದಲ್ಲಿ ವರ್ಷಗಟ್ಟಲೆ ಇದ್ದು, ಬಾಲಕ ರಾಜಾ ವೆಂಕಟಪ್ಪನಾಯಕನ ಬೆಳವಣಿಗೆಯನ್ನು ನೋಡಿಕೊಂಡರು. ಮುಂದೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತವನು ಅದೇ ರಾಜ. ಇಡೀ ಪುಸ್ತಕ ಇಂಗ್ಲಿಷಿನಲ್ಲಿದೆ, ಆದರೆ ರಾಜ ಟೇಲರನನ್ನು “ಅಪ್ಪಾ” ಎಂದು ಕರೆಯುವ ಕಡೆ ಆ ಪದ ಹಾಗೆಯೇ ಉಳಿದಿದೆ. ನಾನು ಆ ಪುಟದಲ್ಲಿ ಬಹಳ ಹೊತ್ತು ನಿಂತೆ. ಇಬ್ಬರ ನಡುವಿನ ಅಕ್ಕರೆಯೂ, ಮುಂದೆ ಬಂದ ದುರಂತವೂ ಆ ಎರಡು ಅಕ್ಷರಗಳಲ್ಲಿ ನನಗೆ ಕಂಡವು. ಯಾರಾದರೂ ಈ ಕಥೆಯನ್ನು ಕಾಮಿಕ್ಸ್ ಮಾಡಿದರೆ, ಆ ಕರೆಯನ್ನು ಬದಲಿಸಬಾರದು.

ಗ್ರಂಥಪಾಲಕಿಯವರ ಆತಂಕವನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಸಂಗತಿ ನೆನಪಾಗುತ್ತದೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಹುಟ್ಟಿದ್ದು ಮಳಖೇಡದ ಆಸ್ಥಾನದಲ್ಲಿ, ಅಂದರೆ ಈ ಶಿಕ್ಷಕರ ತಾಲೂಕಿನಲ್ಲೇ. ಅದು ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡಿಗೆ ಹೆಸರಿಸುವ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಮಳಖೇಡ ಆ ಪಟ್ಟಿಯಲ್ಲಿ ಇಲ್ಲ. ಅದೇ ಕೃತಿ “ಕನ್ನಡಂಗಳ್” ಎಂದು ಬಹುವಚನವನ್ನೂ ಬಳಸುತ್ತದೆ. ಔರಾದದ ಮಗುವಿನ ಕನ್ನಡಕ್ಕೂ ಸೇಡಂ ಹುಡುಗಿಯ ಕನ್ನಡಕ್ಕೂ ಆ ಬಹುವಚನದಲ್ಲಿ ಜಾಗವಿದೆ ಎಂದು ನಾನು ನಂಬುತ್ತೇನೆ.

ಸೇಡಂ ತಾಲೂಕಿನ ಶಿಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ಮೇಡಂ ಅವರ ಮಾತು ಎರಡು ದಿನ ತಲೆಯಲ್ಲೇ ಇತ್ತು, ಏಕೆಂದರೆ ನನ್ನ ತರಗತಿಯಲ್ಲೂ ಮನೆಯಲ್ಲಿ ಲಂಬಾಣಿ ಆಡುವ ನಾಲ್ಕು ಮಕ್ಕಳಿದ್ದಾರೆ. ಹಾಗಾಗಿ ಚೌಕಗಳ ಕನ್ನಡವನ್ನು ಮುಟ್ಟಲಿಲ್ಲ. ಗುಳ್ಳೆಗಳ ಚೀಟಿಗಳನ್ನು ಮಾತ್ರ ಕಿತ್ತು, ಪ್ರತಿ ಚಿತ್ರದ ಮಂದಿ ಏನು ಅಂದಿರಬಹುದೆಂದು ಮಕ್ಕಳನ್ನೇ ಕೇಳಿ ಬರೆದೆ. ವಚನಗಳನ್ನು ಮೂಲದಲ್ಲಿ ಇದ್ದಂತೆಯೇ ಇಟ್ಟೆ. ಅವು ಯಾರಿಗೂ ಟಿವಿಯ ಮಾತಿನಂತೆ ಕೇಳಿಸಲಿಲ್ಲ.

ಹನ್ನೊಂದು ಪುಟ ಮುಗಿದಿವೆ. ಬಿಜ್ಜಳನ ಸಭೆಯಲ್ಲಿ ಬಂದು ನಿಂತಿದ್ದೇವೆ. ರಾಜನೂ “ಹೊಂಟೀನಿ” ಅನ್ನಬೇಕೋ ಬೇಡವೋ ಎಂದು ತರಗತಿ ಎರಡು ಪಾಲಾಗಿದೆ. ಲಂಬಾಣಿ ಮಕ್ಕಳು ನಾಲ್ವರೂ ಅನ್ನಬೇಕು ಎನ್ನುವ ಪಾಲಿನಲ್ಲಿದ್ದಾರೆ.