ಮಟಿಲ್ಡೆ ಕ್ಷುದ್ರಗ್ರಹ ಇಷ್ಟು ಕಪ್ಪು ಯಾಕೆ?

ಪ್ರಶ್ನೆ: 253 ಮಟಿಲ್ಡೆಯ ಫೋಟೋ ನೋಡಿದೆ, ಬೂದು ಬಣ್ಣಕ್ಕೇ ಕಾಣುತ್ತದೆ ಅಲ್ವಾ? ಮತ್ತೆ ಇದ್ದಿಲಿನಷ್ಟು ಕಪ್ಪು ಅಂತಾರಲ್ಲ, ಹೇಗೆ?

ಉತ್ತರ 1: ಫೋಟೋ ನಂಬಬೇಡಿ, ಅದರಲ್ಲಿ ಬೆಳಕು ಜಾಸ್ತಿ ಮಾಡಿರುತ್ತಾರೆ. ಮೈಮೇಲೆ ಬಿದ್ದ ಬಿಸಿಲಲ್ಲಿ ಅದು ವಾಪಸ್ ಕಳಿಸುವುದು ಸುಮಾರು 4% ಅಷ್ಟೇ. ಇಂಗಾಲ ಬೆರೆತ ಕಲ್ಲು.

ಉತ್ತರ 2: ನನಗೆ ಬಣ್ಣಕ್ಕಿಂತ ಕುಳಿಗಳೇ ಆಶ್ಚರ್ಯ. 1997ರ ಜೂನ್ 27ರಂದು ನಾಸಾದ ನಿಯರ್ ಬಾಹ್ಯಾಕಾಶ ನೌಕೆ ಸುಮಾರು 1,200 ಕಿ.ಮೀ. ದೂರದಲ್ಲಿ ಹಾದುಹೋದಾಗ, 50 ಕಿ.ಮೀ. ಚಿಲ್ಲರೆ ಅಗಲದ ಆ ಕಲ್ಲಿನ ಮೇಲೆ 30 ಕಿ.ಮೀ. ದಾಟಿದ ಕುಳಿ ಕಂಡಿತು, ಆದರೂ ಕಲ್ಲು ಚೂರಾಗಿಲ್ಲ! ಒಳಗೆ ಅರ್ಧದಷ್ಟು ಟೊಳ್ಳು, ಹೊಡೆತವನ್ನು ಹತ್ತಿಮೂಟೆ ಹಾಗೆ ನುಂಗಿಕೊಂಡಿದೆ.

ಉತ್ತರ 3: ಆ ಕುಳಿಗಳಿಗೆ ಕಲ್ಲಿದ್ದಲು ಸಿಗುವ ಜಾಗಗಳ ಹೆಸರೇ ಇಟ್ಟಿದ್ದಾರೆ. ಭಾರತದ ದಾಮೋದರವೂ ಇದೆ.