ಸಂಜೆಯಾದರೆ ಅಪ್ಪನ ರೆಪ್ಪೆ ಇಳಿಯುತ್ತದೆ: ನರದ ತುದಿಯಲ್ಲಿ ಆಗುವುದೇನು?

ಗಾಂಧಿ ಬಜಾರಿನ ಮಗಳು ಕೇಳಿದ್ದು:

ಅಪ್ಪನಿಗೆ 64 ವರ್ಷ. ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ರವಿಕೆ ಹೊಲಿಯುವ ಅಂಗಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತು ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ ಬಟ್ಟೆಯ ಉಂಡೆಯೊಂದಕ್ಕೆ ಚುಚ್ಚಿಟ್ಟುಕೊಳ್ಳುವುದು ಅವರ ಹಳೆಯ ಪದ್ಧತಿ. ಕೊಕ್ಕೆ ಹಾಕುವಾಗ, ಸೀರೆಗೆ ಫಾಲ್ ಹಚ್ಚುವಾಗ ಥಟ್ಟನೆ ಕೈಗೆ ಸಿಗಬೇಕು. ಯುಗಾದಿ ಕಳೆದ ಮೇಲೆ ಒಂದು ಬದಲಾವಣೆ ಕಂಡಿತು. ಬೆಳಿಗ್ಗೆ ಸಲೀಸಾಗಿ ದಾರ ಪೋಣಿಸುವವರಿಗೆ ಸಂಜೆ ನಾಲ್ಕರ ಹೊತ್ತಿಗೆ ಒಂದು ಸೂಜಿ ಎರಡಾಗಿ ಕಾಣುತ್ತದೆ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿರುತ್ತದೆ. ಬಟ್ಟೆ ಕತ್ತರಿಸುವ ಮೇಜಿಗೆ ತಲೆಯಾನಿಸಿ ಮುಕ್ಕಾಲು ಗಂಟೆ ಕಣ್ಣು ಮುಚ್ಚಿದರೆ ಮತ್ತೆ ಸರಿಹೋಗುತ್ತದೆ.

ವೈದ್ಯರು ಆ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆಯ ಚೀಲ ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು! ರಕ್ತಪರೀಕ್ಷೆಯಾದ ಮೇಲೆ ಮಯಸ್ತೇನಿಯಾ ಗ್ರೇವಿಸ್ ಎಂದರು. ನರ ಸ್ನಾಯುವಿಗೆ ಸೇರುವ ಜಾಗದಲ್ಲಿ ತೊಂದರೆಯಂತೆ. ಮಾತ್ರೆ ಆರಂಭವಾಗಿದೆ, ಹಾಗಾಗಿ ಚಿಕಿತ್ಸೆಯ ಬಗ್ಗೆ ಕೇಳುತ್ತಿಲ್ಲ. ನಾನು ಓದಿದ್ದು ವಾಣಿಜ್ಯ. ನರವೆಂದರೆ ವಿದ್ಯುತ್ ತಂತಿ ಎಂದೇ ತಿಳಿದಿದ್ದೆ. ತಂತಿ ದಣಿಯುವುದಿಲ್ಲವಲ್ಲ? ಬೆಳಿಗ್ಗೆ ತಲುಪುವ ಸಂದೇಶ ಸಂಜೆ ಏಕೆ ತಲುಪುವುದಿಲ್ಲ? ಮಂಜುಗಡ್ಡೆ ಏನು ಮಾಡಿತು? ಅಪ್ಪ ದಿನವೂ ಕೇಳುತ್ತಾರೆ. ಅವರಿಗೆ ಅರ್ಥವಾಗುವಂತೆ ಹೇಳಲು ನನಗೆ ಬರುತ್ತಿಲ್ಲ.

ಚಾಮರಾಜಪೇಟೆ ಮೇಷ್ಟ್ರು:

ಅಮ್ಮಾ, ನರದ ಉದ್ದಕ್ಕೂ ತಂತಿಯ ಹೋಲಿಕೆ ನಡೆಯುತ್ತದೆ, ತುದಿಯಲ್ಲಿ ನಡೆಯುವುದಿಲ್ಲ. ನರ ಸ್ನಾಯುವನ್ನು ಮುಟ್ಟುವುದೇ ಇಲ್ಲ. ನಡುವೆ ಸುಮಾರು 50 ನ್ಯಾನೊಮೀಟರಿನ ಸಂದು ಇದೆ. ಒಂದು ಮಿಲಿಮೀಟರನ್ನು 20,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ವಿದ್ಯುತ್ತು ಅಲ್ಲಿಗೇ ನಿಲ್ಲುತ್ತದೆ. ಆಚೆಗೆ ದಾಟುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ, ಒಂದು ನರವಾಹಕ.

ನಿಮ್ಮ ತಂದೆಯವರ ಬಟ್ಟೆಯುಂಡೆಯಿಂದಲೇ ಹೇಳುತ್ತೇನೆ. ನರದ ತುದಿಯೊಳಗೆ ಅತಿ ಪುಟ್ಟ ಚೀಲಗಳಿವೆ, ಒಂದೊಂದರಲ್ಲೂ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳು. ಬಹುಪಾಲು ಚೀಲಗಳು ಹಿಂದೆ ದಾಸ್ತಾನಿನಲ್ಲಿರುತ್ತವೆ. ಕೆಲವು ಮಾತ್ರ ಅಂಚಿನ ಪೊರೆಗೆ ತಾಗಿಕೊಂಡು, ದಾರ ಪೋಣಿಸಿಟ್ಟ ಸೂಜಿಗಳಂತೆ ಸಿದ್ಧವಾಗಿರುತ್ತವೆ. ವಿದ್ಯುತ್ ಸಂಕೇತ ಬಂದಾಗ ಆ ಪೊರೆಯಲ್ಲಿನ ಕ್ಯಾಲ್ಸಿಯಂ ಬಾಗಿಲುಗಳು ತೆರೆಯುತ್ತವೆ. ನರದ ಒಳಗಿಗಿಂತ ಹೊರಗೆ ಕ್ಯಾಲ್ಸಿಯಂ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿದೆ, ಹಾಗಾಗಿ ಬಾಗಿಲು ತೆರೆದದ್ದೇ ತಡ ಅದು ಒಳನುಗ್ಗುತ್ತದೆ. ಚೀಲದ ಮೇಲಿರುವ ಸಿನಾಪ್ಟೊಟ್ಯಾಗ್ಮಿನ್ ಎಂಬ ಪ್ರೋಟೀನು ಅದನ್ನು ಹಿಡಿಯುತ್ತದೆ. ಚೀಲದ ಕಡೆಯ ಒಂದು ಪ್ರೋಟೀನು, ಪೊರೆಯ ಕಡೆಯ ಎರಡು, ಹಗ್ಗ ಹೊಸೆದಂತೆ ಬಿಗಿದುಕೊಂಡು ಎರಡು ಪೊರೆಗಳನ್ನೂ ಒಂದಾಗಿಸುತ್ತವೆ. ಚೀಲ ಹೊರಕ್ಕೆ ಬಾಯಿ ತೆರೆಯುತ್ತದೆ. ಇಷ್ಟೆಲ್ಲ ಒಂದು ಮಿಲಿಸೆಕೆಂಡಿನೊಳಗೆ. ಮೂವತ್ತು ವರ್ಷ ಇದನ್ನು ಪಾಠ ಮಾಡಿದ್ದೇನೆ. ಈ ಘಟ್ಟ ಬಂದಾಗ ಪ್ರತಿ ಸಲವೂ ಸೀಮೆಸುಣ್ಣ ಹಿಡಿದು ಒಂದು ಕ್ಷಣ ಸುಮ್ಮನೆ ನಿಂತಿದ್ದೇನೆ.

ಚೀಲದ ಲೆಕ್ಕ ಹೇಗೆ ಸಿಕ್ಕಿತೆಂದರೆ, 1950ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಪಾಲ್ ಫಾಟ್ ಮತ್ತು ಬರ್ನಾರ್ಡ್ ಕಾಟ್ಜ್ ಕಪ್ಪೆಯ ಸ್ನಾಯುವಿನಲ್ಲಿ, ನರ ಸುಮ್ಮನಿದ್ದಾಗಲೂ ಸುಮಾರು ಅರ್ಧ ಮಿಲಿವೋಲ್ಟಿನ ಮಿಡಿತಗಳನ್ನು ಕಂಡರು. ಒಂದೊಂದು ಮಿಡಿತವೂ ತಾನಾಗಿ ಬಾಯಿ ತೆರೆದ ಒಂದು ಚೀಲ. ಬಿಡುಗಡೆ ಇಡೀ ಚೀಲಗಳ ಲೆಕ್ಕದಲ್ಲೇ ಆಗುತ್ತದೆ. ಕಾಟ್ಜ್‌ಗೆ 1970ರ ನೊಬೆಲ್‌ನಲ್ಲಿ ಪಾಲು ಬಂತು.

ಈಗ ಸಂಜೆಯ ಮಾತು. ನರ ಬಿಡುವಿಲ್ಲದೆ ಮಿಡಿದರೆ ಸಿದ್ಧವಿದ್ದ ಚೀಲಗಳು ಖರ್ಚಾಗಿ, ಮುಂದಿನ ಸಲ ಹೊರಬರುವವು ಕಡಿಮೆಯಾಗುತ್ತವೆ. ಇದು ನನ್ನಲ್ಲೂ ನಿಮ್ಮಲ್ಲೂ ಆಗುತ್ತದೆ. ಆದರೆ ಆರೋಗ್ಯವಂತರಲ್ಲಿ ಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚು ಬಿಡುಗಡೆಯಾಗುವುದರಿಂದ ಆ ಕೊರತೆ ಗೊತ್ತಾಗುವುದಿಲ್ಲ. ನಿಮ್ಮ ತಂದೆಯವರ ನರದಲ್ಲಿ ದೋಷವಿಲ್ಲ, ಚೀಲಗಳಲ್ಲೂ ಇಲ್ಲ. ಆಚೆ ಬದಿಯಲ್ಲಿ, ಸ್ನಾಯುವಿನ ಮೇಲೆ ಅಸಿಟೈಲ್‌ಕೋಲಿನನ್ನು ಹಿಡಿಯುವ ಗ್ರಾಹಕಗಳನ್ನು ಅವರದೇ ಪ್ರತಿಕಾಯಗಳು, ಅಂದರೆ ರೋಗಾಣುಗಳ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳು, ಕಡಿಮೆ ಮಾಡಿವೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೀಗೆಯೇ. ಬೆಳಿಗ್ಗೆ ಚೀಲಗಳು ಧಾರಾಳವಾಗಿದ್ದಾಗ ಇರುವಷ್ಟು ಗ್ರಾಹಕಗಳಲ್ಲೇ ಕೆಲಸ ಸಾಗುತ್ತದೆ. ಹೊರಬರುವ ಚೀಲಗಳು ಸ್ವಲ್ಪ ತಗ್ಗಿದರೂ ಆ ಗ್ರಾಹಕಗಳು ಸಾಲವು. ಕಣ್ಣು ತೆರೆದಿರುವಷ್ಟು ಹೊತ್ತೂ ರೆಪ್ಪೆಯೆತ್ತುವ ಸ್ನಾಯುವಿಗೆ ಬಿಡುವಿಲ್ಲ, ಅದಕ್ಕೇ ಅದು ಮೊದಲು ಸೋಲುತ್ತದೆ.

ಮಂಜುಗಡ್ಡೆ: ಆ ಸಂದಿನಲ್ಲಿ ಅಸಿಟೈಲ್‌ಕೋಲಿನನ್ನು ಒಡೆದುಹಾಕುವ ಕಿಣ್ವವೊಂದಿದೆ. ತಂಪಿನಲ್ಲಿ ಅದರ ಕೆಲಸ ನಿಧಾನವಾಗುತ್ತದೆ. ಬಂದಷ್ಟು ಅಣುಗಳೇ ಹೆಚ್ಚು ಹೊತ್ತು ಉಳಿದು, ಇರುವ ಗ್ರಾಹಕಗಳನ್ನೇ ಮತ್ತೆ ಮತ್ತೆ ತಟ್ಟುತ್ತವೆ. ಅವರ ಮಾತ್ರೆ ಪಿರಿಡೋಸ್ಟಿಗ್ಮೈನ್ ಆಗಿದ್ದರೆ ಅದು ತಡೆಯುವುದೂ ಇದೇ ಕಿಣ್ವವನ್ನು.

ನೊಣದ ಕೋಣೆ, ಜಿಕೆವಿಕೆ:

ಹಣ್ಣುನೊಣಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಮೇಷ್ಟ್ರು ಹೇಳಿದ ಹೊಸೆದ ಹಗ್ಗಕ್ಕೂ ನಮ್ಮ ಊರಿಗೂ ನಂಟಿದೆ ಎಂದು ಹೇಳದೆ ಇರಲಾರೆ. ಬಿಗಿದುಕೊಂಡ ಆ ಪ್ರೋಟೀನುಗಳನ್ನು ಬಿಡಿಸದಿದ್ದರೆ ಮುಂದಿನ ಚೀಲಕ್ಕೆ ಅವು ಸಿಗುವುದಿಲ್ಲ. ಬಿಡಿಸುವುದು ಎನ್‌ಎಸ್‌ಎಫ್ ಎಂಬ ಪ್ರೋಟೀನು. ಮುಂದೆ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಕಟ್ಟಿದ ಒಬೈದ್ ಸಿದ್ದಿಖಿ ಅವರು ಅಮೆರಿಕದ ವಿಜ್ಞಾನಿ ಸೀಮೋರ್ ಬೆಂಜರ್ ಜೊತೆ 1976ರಲ್ಲಿ, ಬಿಸಿ ತಾಗಿದರೆ ನಿಶ್ಚಲವಾಗಿ ಬೀಳುವ ನೊಣಗಳ ಬಗ್ಗೆ ಪ್ರಕಟಿಸಿದರು. ಅವುಗಳಲ್ಲಿ ಒಂದರ ಹೆಸರು ಕೋಮಟೋಸ್. ತಂಪಿಗೆ ತಂದರೂ ಬೇಗ ಏಳದು. ಸುಮಾರು ಇಪ್ಪತ್ತು ವರ್ಷದ ನಂತರ ತಿಳಿಯಿತು, ಅದರಲ್ಲಿ ಕೆಟ್ಟಿದ್ದದ್ದು ಎನ್‌ಎಸ್‌ಎಫ್ ತಯಾರಿಸುವ ಜೀನ್. ದಾರ ಸಿಕ್ಕಾಗಿ ಬಿದ್ದಿದ್ದರೆ ಸೂಜಿಗೆ ಪೋಣಿಸುವುದು ಹೇಗೆ ಎಂದು ನಿಮ್ಮ ತಂದೆಯವರಿಗೆ ಹೇಳಿ.

ರಾಜಾಜಿನಗರ, ಒಂಬತ್ತು ವರ್ಷ:

ನನಗೂ ಒಂಬತ್ತು ವರ್ಷದಿಂದ ಇದೇ ಕಾಯಿಲೆ. ಮೇಷ್ಟ್ರ ವಿವರಣೆಯಿಂದ ನನಗೊಂದು ಹಳೆಯ ರಾತ್ರಿ ಅರ್ಥವಾಯಿತು. ಮೂತ್ರದ ಸೋಂಕಿಗೆಂದು ಒಂದು ನರ್ಸಿಂಗ್ ಹೋಮಿನಲ್ಲಿ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಚುಚ್ಚಿದರು. ನನ್ನ ಕಾಯಿಲೆಯ ಹೆಸರನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ನೀರು ನುಂಗಲಾಗಲಿಲ್ಲ, ಕತ್ತು ಎತ್ತಲಾಗಲಿಲ್ಲ. ಆ ಔಷಧ ನರದ ತುದಿಗೆ ಕ್ಯಾಲ್ಸಿಯಂ ಬರುವುದನ್ನು ತಗ್ಗಿಸುತ್ತದೆ, ಚೀಲಗಳ ಬಿಡುಗಡೆಯೂ ತಗ್ಗುತ್ತದೆ ಎಂದು ಆಮೇಲೆ ತಿಳಿಯಿತು. ಮೆಗ್ನೀಸಿಯಂ ಇಂಜೆಕ್ಷನ್ನೂ ಹಾಗೆಯೇ. ತಂದೆಯವರ ಜೇಬಿನಲ್ಲಿ ಕಾಯಿಲೆಯ ಹೆಸರು ಬರೆದ ಚೀಟಿ ಸದಾ ಇರಲಿ. ಹಲ್ಲಿನ ವೈದ್ಯರಿಗೂ ತೋರಿಸಲಿ. ನುಂಗುವುದೋ ಉಸಿರಾಟವೋ ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಗಾಂಧಿ ಬಜಾರಿನ ಮಗಳು:

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಬಟ್ಟೆಯುಂಡೆಯ ಮಾತು ಬಂದಾಗ ಎದ್ದುಹೋಗಿ ಅದನ್ನೇ ತಂದು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅವರದೊಂದು ಪ್ರಶ್ನೆ, ಮೇಷ್ಟ್ರೇ: ರೆಪ್ಪೆ ಇಳಿಯುವವರೆಗೆ ಕಾಯದೆ ಮಧ್ಯಾಹ್ನ ಊಟವಾದ ಕೂಡಲೇ ಕಣ್ಣು ಮುಚ್ಚಿ ಕುಳಿತರೆ ಸಂಜೆ ಕೈಹೊಲಿಗೆ ಮಾಡಬಹುದೇ?

ಚಾಮರಾಜಪೇಟೆ ಮೇಷ್ಟ್ರು:

ಖಂಡಿತ ಮಾಡಿ ನೋಡಲಿ. ಮಾತ್ರೆಯ ಹೊತ್ತನ್ನು ಕೈಹೊಲಿಗೆಯ ಹೊತ್ತಿಗೆ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿ. ತಾವಾಗಿ ಬದಲಿಸುವುದು ಬೇಡ. ಒಂದು ವಾರ ಎಷ್ಟು ಗಂಟೆಗೆ ರೆಪ್ಪೆ ಇಳಿಯಿತೆಂದು ಅಳತೆಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟು ತೋರಿಸಿದರೆ ಅವರಿಗೂ ಅನುಕೂಲ.